ಒಂದು ದಿನಕ್ಕೆ ಬಾಡಿಗೆಗೆ ಹಡಗು



ವರ್ಷಕ್ಕೊಮ್ಮೆಯಾದರೂ ನೀವು ತರಗತಿಯವರೆಲ್ಲ ಸೇರಿ ಪ್ರವಾಸಕ್ಕೆ ಹೋಗಿರುತ್ತೀರಿ. ತಲೆಗಿಷ್ಟು ಎಂದು ಹಣ ಕೂಡಿಸುವುದು, ಬಸ್ಸು ಗೊತ್ತುಮಾಡುವುದು, ಬುತ್ತಿ ಕಟ್ಟಿಸಿಕೊಳ್ಳುವುದು ಎಲ್ಲವೂ ನಿಮಗೆ ತಿಳಿದ ಸಂಗತಿಗಳೇ. ಹೋದ ಊರಿನಲ್ಲಿ ನದಿಯೋ ಕೆರೆಯೋ ಕಡಲೋ ಇದ್ದರೆ ಬೋಟಿನ ವಿಹಾರವೂ ಆ ದಿನದ ಕಾರ್ಯಕ್ರಮದಲ್ಲಿ ಸೇರುತ್ತದೆ. ಗೋವೆ, ಮುಂಬಯಿ, ಕೊಚ್ಚಿಯಂಥ ಕಡೆಗಳಲ್ಲಿ ಇಡೀ ವಿಹಾರ ನೌಕೆಯನ್ನೇ ಒಂದು ದಿನದ ಮಟ್ಟಿಗೆ ಒಂದು ಗುಂಪು ಬಾಡಿಗೆಗೆ ಪಡೆಯುವ ಪದ್ಧತಿಯೂ ಇದೆ.

ಮೋಜಿನ ಸಂಗತಿಯಂತೆ ಕಾಣುವ ಈ ಪದ್ಧತಿಗೂ ಒಂದು ಇತಿಹಾಸವುಂಟು. ಅದರಲ್ಲಿ ರಾಜರ ವಿಲಾಸವಿದೆ, ಉಗಿಯಂತ್ರದ ಸಾಹಸವಿದೆ, ಸಾಮಾನ್ಯ ಜನರು ಮೊದಲ ಬಾರಿಗೆ ಕಂಡ ಬಿಡುವಿನ ಸುಖವಿದೆ. ಅದೇ ಇತಿಹಾಸದಲ್ಲಿ, ಪಿಕ್‌ನಿಕ್ಕಿಗೆಂದು ಹೊರಟ ಸಾವಿರಕ್ಕೂ ಹೆಚ್ಚು ಜನ ಮನೆಗೆ ಮರಳದೆ ಹೋದ ಒಂದು ಬೆಳಗೂ ಇದೆ. ಹಡಗನ್ನು ಬಾಡಿಗೆಗೆ ಪಡೆಯುವವರು ಹಣ ಕೊಡುವುದು ಕಣ್ಣಿಗೆ ಕಾಣುವ ವಸ್ತುಗಳಿಗೆ. ಆದರೆ ಅವರ ಪ್ರಾಣ ನಿಂತಿರುವುದು ಕಣ್ಣಿಗೆ ಕಾಣದ ವಸ್ತುಗಳ ಮೇಲೆ. ಈ ಮಾತನ್ನು ಆ ಒಂದು ಬೆಳಗಿನ ಕಥೆಯ ಮೂಲಕ ತಿಳಿದುಕೊಳ್ಳೋಣ.

ರಾಜನ ಆಟಿಕೆಯಿಂದ ಜನರ ವಿಹಾರಕ್ಕೆ

ವಿಹಾರ ನೌಕೆಗೆ ಇಂಗ್ಲಿಷಿನಲ್ಲಿ 'ಯಾಟ್' ಎನ್ನುತ್ತಾರೆ. ಇದು ಮೂಲತಃ ಡಚ್ ಭಾಷೆಯ ಪದ. ಬೇಟೆ, ಬೆನ್ನಟ್ಟುವಿಕೆ ಎಂಬುದು ಅದರ ಅರ್ಥ. ಹಾಲೆಂಡಿನ ಆಳವಿಲ್ಲದ ನೀರಿನಲ್ಲಿ ವೇಗವಾಗಿ ಓಡಬಲ್ಲ ಹಗುರ ಹಡಗುಗಳಿಗೆ ಈ ಹೆಸರಿತ್ತು. 1660ರಲ್ಲಿ ಎರಡನೆಯ ಚಾರ್ಲ್ಸ್ ದೇಶಭ್ರಷ್ಟತೆ ಮುಗಿಸಿ ಇಂಗ್ಲೆಂಡಿನ ಸಿಂಹಾಸನಕ್ಕೆ ಮರಳಿದಾಗ ಆಮ್‌ಸ್ಟರ್‌ಡ್ಯಾಂ ನಗರವು ಅವನಿಗೆ 'ಮೇರಿ' ಎಂಬ ಯಾಟನ್ನು ಕಾಣಿಕೆಯಾಗಿ ಕೊಟ್ಟಿತು. ಮರುವರ್ಷವೇ, ಅಂದರೆ 1661ರ ಅಕ್ಟೋಬರಿನಲ್ಲಿ, ಚಾರ್ಲ್ಸ್ ಮತ್ತು ಅವನ ತಮ್ಮ ಜೇಮ್ಸ್ ತಮ್ಮ ತಮ್ಮ ಯಾಟುಗಳಲ್ಲಿ ಥೇಮ್ಸ್ ನದಿಯ ಮೇಲೆ ಗ್ರೀನ್‌ವಿಚ್‌ನಿಂದ ಗ್ರೇವ್ಸೆಂಡ್‌ಗೆ ಹೋಗಿ ಬರುವ ಪಂದ್ಯ ನಡೆಸಿದರು. ಪಣ 100 ಪೌಂಡು. ವಿಹಾರಕ್ಕಾಗಿಯೇ ನೀರಿಗಿಳಿಯುವುದು ಅಂದು ಅರಸರಿಗೂ ಸಿರಿವಂತರಿಗೂ ಮೀಸಲಾದ ಸುಖವಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಉಗಿಯಂತ್ರ. 1807ರ ಆಗಸ್ಟಿನಲ್ಲಿ ರಾಬರ್ಟ್ ಫುಲ್ಟನ್‌ನ ಉಗಿದೋಣಿ ನ್ಯೂಯಾರ್ಕಿನಿಂದ ಹಡ್ಸನ್ ನದಿಯಲ್ಲಿ ಮೇಲಕ್ಕೆ ಸಾಗಿ, ಸುಮಾರು 240 ಕಿಲೋಮೀಟರ್ ದೂರದ ಆಲ್ಬನಿಯನ್ನು 32 ಗಂಟೆಗಳ ಓಟದಲ್ಲಿ ಮುಟ್ಟಿತು. ಗಾಳಿಯನ್ನು ಕಾಯುವ ಅಗತ್ಯ ತಪ್ಪಿತು. ಹೊರಡುವ ಹೊತ್ತನ್ನೂ ಮರಳುವ ಹೊತ್ತನ್ನೂ ಮುಂಚೆಯೇ ಹೇಳುವಂತಾಯಿತು. ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರುವ ವಿಹಾರ ಸಾಧ್ಯವಾದದ್ದು ಹೀಗೆ.

ಇನ್ನೊಂದು ಬೇಕಾಗಿತ್ತು, ಅದು ಹಣದ ಉಪಾಯ. ಅದನ್ನು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಥಾಮಸ್ ಕುಕ್. 1841ರ ಜುಲೈ 5ರಂದು ಆತ ಲೆಸ್ಟರ್‌ನಿಂದ ಲಫ್‌ಬರೋ ಊರಿಗೆ ಮದ್ಯಪಾನ ವಿರೋಧಿ ಸಭೆಗೆಂದು ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲ್ಲಿಂಗ್. ಒಬ್ಬನಿಗೆ ಎಟುಕದ್ದು ಐನೂರು ಜನ ಕೂಡಿದರೆ ಎಟುಕುತ್ತದೆ ಎಂಬ ಸರಳ ಲೆಕ್ಕ ಅದು. ಇದೇ ಲೆಕ್ಕ ರೈಲಿನಿಂದ ಹಡಗಿಗೂ ಹರಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್, ನ್ಯೂಯಾರ್ಕ್, ಷಿಕಾಗೋ ನಗರಗಳಲ್ಲಿ ಕಾರ್ಖಾನೆಯವರು, ಸಂಘದವರು, ಚರ್ಚಿನವರು ಬೇಸಗೆಯ ಒಂದು ದಿನ ಇಡೀ ಉಗಿಹಡಗನ್ನು ಗೊತ್ತುಮಾಡಿಕೊಂಡು ಹೊರಡುವುದು ವಾಡಿಕೆಯಾಗಿತ್ತು.

ಎರಡಾಗಿ ಹರಿದ ಕಾಗದ

ಹಡಗನ್ನು ಹೀಗೆ ಪೂರ್ತಿಯಾಗಿ ಬಾಡಿಗೆಗೆ ಪಡೆಯುವ ಕರಾರಿಗೆ 'ಚಾರ್ಟರ್ ಪಾರ್ಟಿ' ಎಂಬ ಹೆಸರಿದೆ. ಇಲ್ಲಿ ಪಾರ್ಟಿ ಎಂದರೆ ಔತಣವಲ್ಲ! ಮಧ್ಯಯುಗದ ಲ್ಯಾಟಿನ್ನಿನ 'ಕಾರ್ತಾ ಪಾರ್ತಿತಾ', ಅಂದರೆ ಭಾಗ ಮಾಡಿದ ಕಾಗದ, ಎಂಬುದರಿಂದ ಬಂದ ಮಾತು ಅದು. ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಸಲ ಬರೆದು, ಹಾಳೆಯನ್ನು ಎರಡಾಗಿ ಮಾಡಿ, ಅರ್ಧವನ್ನು ಹಡಗಿನ ಒಡೆಯನೂ ಇನ್ನರ್ಧವನ್ನು ಬಾಡಿಗೆಗೆ ಪಡೆದವನೂ ಇಟ್ಟುಕೊಳ್ಳುತ್ತಿದ್ದರು. ತಕರಾರು ಬಂದಾಗ ಎರಡೂ ತುಂಡುಗಳನ್ನು ಜೋಡಿಸಿ ನೋಡುತ್ತಿದ್ದರು.

ಹಡಗು ನೀರಿನ ಮೇಲೆ ಹೋಗಲು ಯೋಗ್ಯವಾಗಿರಬೇಕು ಎಂಬುದು ಒಡೆಯನ ಹೊಣೆ. ಇದು ನೌಕಾ ಕಾನೂನಿನ ಹಳೆಯ ತತ್ವ. ಆದರೆ ಯೋಗ್ಯವಾಗಿದೆಯೋ ಇಲ್ಲವೋ ಎಂದು ನೋಡುವವರು ಯಾರು? ಹತ್ತಿಯ ವ್ಯಾಪಾರಿಯಾದರೆ ತನ್ನ ಸರಕಿಗಾಗಿ ಹಡಗಿನ ಮೂಲೆ ಮೂಲೆಯನ್ನೂ ಪರೀಕ್ಷಿಸಿಯಾನು. ಪಿಕ್‌ನಿಕ್ಕಿಗೆ ಹೊರಟ ತಾಯಂದಿರಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಆದ್ದರಿಂದಲೇ ಸರ್ಕಾರಗಳು ತಪಾಸಣೆಯ ಕೆಲಸವನ್ನು ತಾವು ವಹಿಸಿಕೊಳ್ಳಬೇಕಾಯಿತು. ಅಮೆರಿಕದಲ್ಲಿ ಉಗಿದೋಣಿಗಳ ಬಾಯ್ಲರುಗಳು ಮೇಲಿಂದ ಮೇಲೆ ಸಿಡಿದು ಜನ ಸಾಯತೊಡಗಿದಾಗ 1838ರಲ್ಲಿ ಒಂದು ಕಾನೂನು, 1852ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾನೂನು ಬಂದವು. ಇನ್‌ಸ್ಪೆಕ್ಟರುಗಳು ನೇಮಕವಾದರು. ಹಡಗಿನ ಗೋಡೆಯ ಮೇಲೆ ಪ್ರಮಾಣಪತ್ರ ತೂಗುಹಾಕುವ ಕ್ರಮ ಬಂತು. ಜನ ಆ ಪತ್ರವನ್ನು ನಂಬಿ ಹಡಗು ಹತ್ತಿದರು.

1904ರ ಜೂನ್ 15

ಈಗ ನ್ಯೂಯಾರ್ಕಿಗೆ ಬನ್ನಿ. ಆ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಜರ್ಮನಿಯಿಂದ ವಲಸೆ ಬಂದವರ ದೊಡ್ಡ ಕೇರಿಯೊಂದಿತ್ತು. 'ಪುಟ್ಟ ಜರ್ಮನಿ' ಎಂದೇ ಅದನ್ನು ಕರೆಯುತ್ತಿದ್ದರು. ದರ್ಜಿಗಳು, ಬೇಕರಿಯವರು, ಅಂಗಡಿಕಾರರು ವಾಸವಾಗಿದ್ದ ಕೇರಿ ಅದು. ಅಲ್ಲಿನ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚಿನವರು ಪ್ರತಿವರ್ಷವೂ ಭಾನುವಾರದ ಶಾಲೆಯ ಮಕ್ಕಳಿಗಾಗಿ ಹಡಗಿನ ವಿಹಾರ ಏರ್ಪಡಿಸುತ್ತಿದ್ದರು. ಆ ವರ್ಷ ಅವರು 350 ಡಾಲರ್ ಕೊಟ್ಟು 'ಜನರಲ್ ಸ್ಲೋಕಮ್' ಎಂಬ ಹಡಗನ್ನು ಗೊತ್ತುಮಾಡಿದರು. ಹತ್ತಿದವರು ಸುಮಾರು 1,342 ಮಂದಿ ಎಂದು ಲೆಕ್ಕ. ಭಾಗಿಸಿ ನೋಡಿದರೆ ಹಡಗಿನ ಬಾಡಿಗೆ ತಲೆಗೆ ಕಾಲು ಡಾಲರಿಗಿಂತ ತುಸು ಹೆಚ್ಚಾಯಿತು, ಅಷ್ಟೆ.

1891ರಲ್ಲಿ ಬ್ರೂಕ್ಲಿನ್ನಿನಲ್ಲಿ ಕಟ್ಟಿದ ಮರದ ಹಡಗು ಅದು. ಮೂರು ಅಂತಸ್ತು. ಎರಡು ಪಕ್ಕಗಳಲ್ಲೂ ನೀರನ್ನು ತಳ್ಳುವ ದೊಡ್ಡ ಚಕ್ರಗಳು. 2,500 ಜನರನ್ನು ಹತ್ತಿಸಲು ಪರವಾನಗಿ ಇತ್ತು. ಅಂದು ಬುಧವಾರ, ಕೆಲಸದ ದಿನ. ಗಂಡಸರು ದುಡಿಮೆಗೆ ಹೋಗಿದ್ದರಿಂದ ಹಡಗಿನ ತುಂಬ ಹೆಂಗಸರೂ ಮಕ್ಕಳೂ. ಬೆಳಗ್ಗೆ ಸುಮಾರು ಒಂಬತ್ತೂವರೆಗೆ ಹಡಗು ಹೊರಟಿತು. ಲಾಂಗ್ ಐಲೆಂಡಿನ ಲೋಕಸ್ಟ್ ಗ್ರೋವ್ ಎಂಬ ತೋಪು ಅವರ ಗುರಿ. ಮೇಲೆ ವಾದ್ಯವೃಂದ ನುಡಿಯುತ್ತಿತ್ತು.

ಈಸ್ಟ್ ನದಿಯಲ್ಲಿ ಅರ್ಧ ಗಂಟೆ ಸಾಗುವಷ್ಟರಲ್ಲಿ ಮುಂಭಾಗದ ಕೆಳ ಕೋಣೆಯೊಂದರಲ್ಲಿ ಬೆಂಕಿ ಹೊತ್ತಿತು. ದೀಪದ ಎಣ್ಣೆ, ಎಣ್ಣೆಬಟ್ಟೆ, ಹುಲ್ಲು ಎಲ್ಲವನ್ನೂ ತುಂಬಿದ್ದ ಕೋಣೆ ಅದು. ಹೊಗೆಯನ್ನು ಕಂಡ ಹುಡುಗನೊಬ್ಬ ಓಡಿಹೋಗಿ ತಿಳಿಸಿದಾಗ ತಮಾಷೆ ಎಂದು ಅವನನ್ನು ಗದರಿ ಕಳಿಸಿದರು. ಕ್ಯಾಪ್ಟನ್ ವಿಲಿಯಂ ವಾನ್ ಶೇಕ್‌ಗೆ ನಿಜ ಸಂಗತಿ ತಿಳಿಯುವ ಹೊತ್ತಿಗೆ ಬೆಂಕಿ ಕೈಮೀರಿತ್ತು. ದಡದುದ್ದಕ್ಕೂ ಎಣ್ಣೆಯ ಟ್ಯಾಂಕುಗಳೂ ಮರದ ಅಡ್ಡೆಗಳೂ ಇದ್ದುದರಿಂದ ಅಲ್ಲಿಗೆ ಒಯ್ಯಲಾಗಲಿಲ್ಲ ಎಂದು ಆತ ಮುಂದೆ ಹೇಳಿದ. ಹಡಗನ್ನು ಪೂರ್ಣ ವೇಗದಲ್ಲಿ ನಾರ್ತ್ ಬ್ರದರ್ ದ್ವೀಪದತ್ತ ಓಡಿಸಿದ. ಎದುರುಗಾಳಿಗೆ ಬೆಂಕಿ ಹಿಂಭಾಗಕ್ಕೆ ನುಗ್ಗಿತು. ಜನ ನಿಂತಿದ್ದುದೂ ಅಲ್ಲಿಯೇ.

ಆ ದ್ವೀಪದಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೊಂದಿತ್ತು. ಅಲ್ಲಿನ ದಾದಿಯರು, ಕೆಲಸಗಾರರು, ಗುಣಮುಖರಾಗುತ್ತಿದ್ದ ರೋಗಿಗಳು ಕೂಡ ನೀರಿಗಿಳಿದು ಕೈಗೆ ಸಿಕ್ಕವರನ್ನು ದಡಕ್ಕೆಳೆದರು. ಅಕ್ಕಪಕ್ಕದ ದೋಣಿಗಳೂ ಧಾವಿಸಿದವು. ಆದರೂ ಸತ್ತವರ ಸಂಖ್ಯೆ 1,021 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಚರ್ಚಿನ ಪಾದ್ರಿ ಜಾರ್ಜ್ ಹಾಸ್ ಬದುಕುಳಿದರು. ಅವರ ಹೆಂಡತಿ ಮತ್ತು ಮಗಳು ಉಳಿಯಲಿಲ್ಲ. 2001ರ ಸೆಪ್ಟೆಂಬರ್ 11ರವರೆಗೆ ಜೀವಹಾನಿಯ ದೃಷ್ಟಿಯಿಂದ ನ್ಯೂಯಾರ್ಕ್ ನಗರದ ಅತಿ ದೊಡ್ಡ ದುರಂತ ಇದೇ ಆಗಿತ್ತು.

ಕಾಗದದ ಮೇಲೆ ಎಲ್ಲವೂ ಇತ್ತು

ಬೆಂಕಿ ಆಕಸ್ಮಿಕ ಎನ್ನೋಣ. ಆದರೆ ದಡ ಕಾಣುವಷ್ಟು ಹತ್ತಿರದಲ್ಲಿದ್ದೂ ಇಷ್ಟು ಜನ ಸತ್ತದ್ದೇಕೆ?

ಹಡಗಿನಲ್ಲಿ ಬೆಂಕಿ ಆರಿಸುವ ಕೊಳವೆಗಳಿದ್ದವು. ನೀರು ಬಿಟ್ಟೊಡನೆ ಅಗ್ಗದ ನಾರುಬಟ್ಟೆಯ ಆ ಹಳೆಯ ಕೊಳವೆಗಳು ಒಡೆದುಹೋದವು. ಜೀವರಕ್ಷಕ ದೋಣಿಗಳಿದ್ದವು. ಅವು ತಂತಿ ಮತ್ತು ಬಣ್ಣದಿಂದ ಇದ್ದಲ್ಲಿಯೇ ಅಂಟಿಕೊಂಡಿದ್ದವು, ಇಳಿಸಲಾಗಲಿಲ್ಲ ಎಂದು ಬದುಕಿದವರು ಸಾಕ್ಷಿ ನುಡಿದರು. ತಲೆಯ ಮೇಲಿನ ಜಂತಿಗಳಲ್ಲಿ ಲೈಫ್ ಜಾಕೆಟ್ಟುಗಳಿದ್ದವು. ಅವು ಹಡಗು ಹುಟ್ಟಿದಂದಿನಿಂದ, ಅಂದರೆ 13 ವರ್ಷಗಳಿಂದ, ಬಿಸಿಲು ಮಳೆಗೆ ಒಡ್ಡಿಕೊಂಡು ಕೊಳೆತಿದ್ದವು.

ಲೈಫ್ ಜಾಕೆಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ತಿಳಿದುಕೊಳ್ಳಿ. ಅಂದು ಅದರೊಳಗೆ ಬೆಂಡಿನ ಗಟ್ಟಿಗಳನ್ನಿಟ್ಟು ಹೊಲಿಯುತ್ತಿದ್ದರು. ಬೆಂಡು ಹಗುರ. ಅದರ ಕೋಶಗಳೊಳಗೆ ಸಿಕ್ಕಿಬಿದ್ದ ಗಾಳಿಯೇ ನಮ್ಮನ್ನು ತೇಲಿಸುವುದು. ಬೆಂಡು ಪುಡಿಯಾದರೆ ಗಾಳಿ ಉಳಿಯುವುದಿಲ್ಲ, ಪುಡಿ ನೀರು ಹೀರಿಕೊಂಡು ಭಾರವಾಗುತ್ತದೆ. ತಾಯಂದಿರು ತಮ್ಮ ಮಕ್ಕಳಿಗೆ ಆ ಜಾಕೆಟ್ ಕಟ್ಟಿ ನೀರಿಗಿಳಿಸಿದರು. ಮಕ್ಕಳು ಮುಳುಗಿದರು. ದಪ್ಪ ಉಣ್ಣೆಯ ಲಂಗಗಳನ್ನುಟ್ಟ, ಈಜು ಬಾರದ ಹೆಂಗಸರಿಗೆ ದಡ ಹತ್ತಿರವಿದ್ದೂ ದೂರವಾಯಿತು. ಇನ್ನೂ ಕ್ರೂರವಾದ ಸಂಗತಿಯೊಂದು ಆನಂತರ ಬಯಲಾಯಿತು. ಜಾಕೆಟ್ ತಯಾರಿಸುತ್ತಿದ್ದ ಒಂದು ಕಂಪನಿ, ಕಾನೂನು ಹೇಳಿದಷ್ಟು ತೂಕ ಬರಲೆಂದು ಬೆಂಡಿನೊಳಗೆ ಕಬ್ಬಿಣದ ತುಂಡುಗಳನ್ನು ಸೇರಿಸುತ್ತಿತ್ತು!

ಹಡಗಿನ ಕೆಲಸಗಾರರಿಗೆ ಬೆಂಕಿ ಆರಿಸುವ ಅಭ್ಯಾಸವನ್ನು ಒಮ್ಮೆಯೂ ಮಾಡಿಸಿರಲಿಲ್ಲ. ಆದರೂ ದುರಂತಕ್ಕೆ ಕೆಲವೇ ವಾರಗಳ ಮೊದಲಷ್ಟೇ ಸರ್ಕಾರಿ ಇನ್‌ಸ್ಪೆಕ್ಟರ್ ಹಡಗನ್ನು ನೋಡಿ ಎಲ್ಲವೂ ಸರಿಯಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿದ್ದ.

ಏಕೆ ಹೀಗಾಯಿತು? ವಿಹಾರ ಹಡಗಿನ ಒಡೆಯನಿಗೆ ವರಮಾನವೆಲ್ಲ ಬೇಸಗೆಯ ಕೆಲವೇ ತಿಂಗಳುಗಳಲ್ಲಿ ಬರಬೇಕು. ಪೈಪೋಟಿ ಹೆಚ್ಚು. ಹೊಸ ಬಣ್ಣ, ಕುರ್ಚಿ, ಬಾವುಟ, ವಾದ್ಯ ಇವು ಗಿರಾಕಿಯ ಕಣ್ಣಿಗೆ ಬೀಳುತ್ತವೆ. ಅವುಗಳಿಗೆ ಖರ್ಚು ಮಾಡಿದರೆ ಹಣ ಮರಳುತ್ತದೆ. ಕೊಳವೆಯೊಳಗಿನ ಅಸ್ತರಿ, ಜಾಕೆಟ್ಟಿನೊಳಗಿನ ಬೆಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿತಾಯವೆಲ್ಲ ಅಲ್ಲಿಯೇ ನಡೆಯುತ್ತದೆ. ಅದನ್ನು ತಡೆಯಲೆಂದೇ ಇದ್ದ ಇನ್‌ಸ್ಪೆಕ್ಟರನೂ ಕಣ್ಣಿಗೆ ಬಿದ್ದದ್ದನ್ನಷ್ಟೇ ನೋಡಿ ಸಹಿ ಹಾಕಿದರೆ ಕಾನೂನಿಗೆ ಅರ್ಥವೇ ಉಳಿಯುವುದಿಲ್ಲ.

ಶಿಕ್ಷೆ ಯಾರಿಗೆ?

ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತನಿಖಾ ಆಯೋಗ ನೇಮಿಸಿದರು. ನ್ಯೂಯಾರ್ಕ್ ಬಂದರಿನ ಹಡಗುಗಳ ಮರುತಪಾಸಣೆ ನಡೆಯಿತು. ಇತರ ಹಡಗುಗಳಲ್ಲೂ ಕೆಟ್ಟ ಜಾಕೆಟ್ಟುಗಳೂ ಕೊಳವೆಗಳೂ ಸಿಕ್ಕವು. ತಪಾಸಣಾ ಇಲಾಖೆಯಲ್ಲಿ ಅಧಿಕಾರಿಗಳನ್ನು ಕೆಲಸದಿಂದ ತೆಗೆದರು, ನಿಯಮಗಳನ್ನು ಬಿಗಿಗೊಳಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ನೆನಪಾಗುತ್ತದೆ. ಆದರೂ ಹಾಕಿದ ಬಾಗಿಲು ಮುಂದಿನವರನ್ನು ಕಾಯಿತೆಂಬುದನ್ನು ಮರೆಯುವಂತಿಲ್ಲ.

ನ್ಯಾಯಾಲಯದಲ್ಲಿ ಆದದ್ದೇನು? ಇನ್‌ಸ್ಪೆಕ್ಟರನ ವಿಚಾರಣೆಗಳು ತೀರ್ಮಾನಕ್ಕೆ ಬಾರದೆ ಮುಗಿದವು. ಹಡಗಿನ ಕಂಪನಿ ಅಲ್ಪ ದಂಡ ತೆತ್ತು ಪಾರಾಯಿತು. ಸೆರೆಮನೆಗೆ ಹೋದವನು ಕ್ಯಾಪ್ಟನ್ ಒಬ್ಬನೇ. 1906ರಲ್ಲಿ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. 1911ರಲ್ಲಿ ಆ ವೃದ್ಧನನ್ನು ಬಿಡುಗಡೆ ಮಾಡಿದರು, 1912ರಲ್ಲಿ ಅಧ್ಯಕ್ಷ ಟ್ಯಾಫ್ಟ್ ಕ್ಷಮಾದಾನ ಕೊಟ್ಟರು. ಚುಕ್ಕಾಣಿಯ ಬಳಿ ನಿಂತವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಕಚೇರಿಯಲ್ಲಿ ಕುಳಿತು ಲೆಕ್ಕ ನೋಡಿದವನು ಬೀಳುವುದಿಲ್ಲ. ಇದನ್ನು ನ್ಯಾಯವೆನ್ನಬಹುದೇ ಎಂದು ನೀವು ತರಗತಿಯಲ್ಲಿ ಚರ್ಚಿಸಬಹುದು.

'ಪುಟ್ಟ ಜರ್ಮನಿ' ಆ ಆಘಾತದಿಂದ ಚೇತರಿಸಿಕೊಳ್ಳಲಿಲ್ಲ. ಮೊದಲೇ ಕರಗತೊಡಗಿದ್ದ ಕೇರಿಯನ್ನು ಹೆಂಡತಿ ಮಕ್ಕಳನ್ನು ಕಳೆದುಕೊಂಡ ಗಂಡಸರು ಒಬ್ಬೊಬ್ಬರಾಗಿ ಬಿಟ್ಟುಹೋದರು. 1905ರಲ್ಲಿ ಸ್ಮಾರಕವೊಂದನ್ನು ಅನಾವರಣ ಮಾಡಿದ್ದು ಅಡೆಲಾ ಎಂಬ ಹಸುಗೂಸು. ದುರಂತದ ದಿನ ಅವಳು ಆರು ತಿಂಗಳ ಕೂಸು; ಇಬ್ಬರು ಅಕ್ಕಂದಿರನ್ನು ಅಂದು ಕಳೆದುಕೊಂಡಿದ್ದಳು. ಬದುಕುಳಿದವರಲ್ಲಿ ಕೊನೆಯವರಾದ ಅವರು 2004ರಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ, ತೀರಿಕೊಂಡರು.

ದಡದಲ್ಲಿಯೇ ಮಗುಚಿದ ಹಡಗು

ಹನ್ನೊಂದು ವರ್ಷಗಳ ಬಳಿಕ ಷಿಕಾಗೋದಲ್ಲಿ ಮತ್ತೊಂದು ಪಾಠ ಕಾದಿತ್ತು. 1915ರ ಜುಲೈ 24ರಂದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಮಿಕರ ವಾರ್ಷಿಕ ವಿಹಾರಕ್ಕೆ ಹಲವು ಹಡಗುಗಳನ್ನು ಬಾಡಿಗೆಗೆ ಪಡೆದಿದ್ದರು. ಅವುಗಳಲ್ಲೊಂದಾದ 'ಈಸ್ಟ್‌ಲ್ಯಾಂಡ್' ಸುಮಾರು 2,500 ಜನರನ್ನು ಹತ್ತಿಸಿಕೊಂಡು, ಇನ್ನೂ ಧಕ್ಕೆಯನ್ನು ಬಿಡುವ ಮೊದಲೇ, ಷಿಕಾಗೋ ನದಿಯಲ್ಲಿ ಪಕ್ಕಕ್ಕೆ ಉರುಳಿತು. 844 ಜನ ಸತ್ತರು. ನೀರಿನ ಆಳ ಅಲ್ಲಿ ಇಪ್ಪತ್ತು ಅಡಿಯಷ್ಟೇ.

ಆ ಹಡಗು ಮೊದಲಿನಿಂದಲೂ ಮೇಲುಭಾರದ ಹಡಗೆಂದು ಹೆಸರಾಗಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹೆಚ್ಚು ಜೀವರಕ್ಷಕ ದೋಣಿಗಳಿರಬೇಕೆಂಬ ಕಾನೂನು ಬಂತು. ಅದರಂತೆ ಅದೇ ಜುಲೈ ತಿಂಗಳ ಮೊದಲಲ್ಲಿ ಇನ್ನಷ್ಟು ದೋಣಿಗಳನ್ನೂ ತೆಪ್ಪಗಳನ್ನೂ ಮೇಲಂತಸ್ತಿನಲ್ಲಿ ಇರಿಸಿದ್ದರು. ಗುರುತ್ವಕೇಂದ್ರ ಇನ್ನೂ ಮೇಲೇರಿತು. ಹಡಗು ಈ ಭಾರವನ್ನು ತಾಳುತ್ತದೆಯೇ ಎಂದು ಓಲಿಸಿ ಪರೀಕ್ಷಿಸಲಿಲ್ಲ. ರಕ್ಷಣೆಯ ಸಾಮಗ್ರಿಯನ್ನು ಪಟ್ಟಿಯಲ್ಲಿ ಗುರುತು ಹಾಕುವುದಕ್ಕಾಗಿ ಮಾತ್ರ ಇಟ್ಟರೆ ಅದೂ ಅಪಾಯಕ್ಕೆ ದಾರಿಯಾಗಬಹುದೆಂದು ಈ ಘಟನೆ ತೋರಿಸಿತು.

ನಮ್ಮ ನೀರಿನಲ್ಲಿ

ಇದೆಲ್ಲ ದೂರದೇಶದ, ನೂರು ವರ್ಷ ಹಿಂದಿನ ಕಥೆ ಎಂದುಕೊಳ್ಳಬೇಡಿ. 1989ರ ಆಗಸ್ಟ್ 20ರಂದು ಲಂಡನ್ನಿನ ಥೇಮ್ಸ್ ನದಿಯಲ್ಲಿ, ಹುಟ್ಟುಹಬ್ಬದ ಕೂಟಕ್ಕೆ ಬಾಡಿಗೆಗೆ ಪಡೆದಿದ್ದ 'ಮಾರ್ಷನೆಸ್' ನೌಕೆಗೆ ಮರಳು ತೆಗೆಯುವ ಹಡಗೊಂದು ಬಡಿದು 51 ಜನ ಸತ್ತರು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ಬೋಟು ಮಗುಚಿ 45 ಜನ ಸತ್ತರು. ನಮ್ಮ ಕಾರವಾರದ ಬಳಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಡಲಿನಲ್ಲಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಸರೋವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಬೋಟಿನಲ್ಲಿ ಮಿತಿಮೀರಿ ಜನರಿದ್ದರು, ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅವರು ನಿಮ್ಮಂತೆಯೇ ಬುತ್ತಿ ಕಟ್ಟಿಕೊಂಡು ಹೊರಟಿದ್ದ ಮಕ್ಕಳು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಒಳನಾಡಿನ ನೀರಿನ ಹಡಗುಗಳಿಗಾಗಿ 1917ರಷ್ಟು ಹಿಂದೆಯೇ ಕಾಯಿದೆ ಆಗಿತ್ತು. 2021ರಲ್ಲಿ ಅದರ ಬದಲಿಗೆ ಹೊಸ ಒಳನಾಡು ಹಡಗುಗಳ ಕಾಯಿದೆ ಬಂತು. ಹಡಗಿನ ನೋಂದಣಿ, ತಪಾಸಣೆ, ನಡೆಸುವವರ ಅರ್ಹತೆ, ವಿಮೆ ಇವೆಲ್ಲವನ್ನೂ ಅದು ಹೇಳುತ್ತದೆ. ಆದರೆ ಸ್ಲೋಕಮ್ ಹಡಗಿನ ಗೋಡೆಯ ಮೇಲೂ ಪ್ರಮಾಣಪತ್ರ ತೂಗುತ್ತಿತ್ತೆಂಬುದನ್ನು ನೆನಪಿಡಿ.

ಹಾಗಾದರೆ ಬಾಡಿಗೆಗೆ ಪಡೆಯುವವರು ಏನು ಮಾಡಬೇಕು? ಹರಿದ ಕಾಗದದ ಒಂದು ತುಂಡು ನಮ್ಮ ಕೈಯಲ್ಲಿಯೂ ಇದೆಯಲ್ಲವೇ? ಹಣ ಕೊಡುವ ಮೊದಲು ಕೇಳಿ: ಈ ಬೋಟಿಗೆ ತಪಾಸಣಾ ಪತ್ರವಿದೆಯೇ, ಅದರ ಅವಧಿ ಮುಗಿದಿದೆಯೇ, ಎಷ್ಟು ಜನರನ್ನು ಹತ್ತಿಸಬಹುದು? ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳಿ ಸುಮ್ಮನಾಗಬೇಡಿ. ಕೈಯಲ್ಲಿ ಹಿಡಿದು, ಪಟ್ಟಿ ಎಳೆದು, ಹೊಲಿಗೆ ನೋಡಿ, ಧಕ್ಕೆಯಲ್ಲಿಯೇ ತೊಟ್ಟು ಹತ್ತಿ. ಹತ್ತಿದವರ ತಲೆ ಎಣಿಸಿ, ಹೆಸರಿನ ಪಟ್ಟಿಯೊಂದನ್ನು ದಡದಲ್ಲಿ ಬಿಡಿ. ನಡುನೀರಿನಲ್ಲಿ ಪಕ್ಷಿಯೋ ಪ್ರಾಣಿಯೋ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗಬೇಡಿ. ಜನ ಹೆಚ್ಚಾದರೆ ಇನ್ನೊಂದು ಸರದಿಗೆ ಕಾಯಿರಿ. ಹೀಗೆಲ್ಲ ಕೇಳಿದರೆ ಬೋಟಿನವನು ಬೇಸರಿಸಬಹುದು, ಜೊತೆಯವರು ನಗಬಹುದು. ಚಿಕ್ಕವನೊಬ್ಬ ಹೊಗೆ ಕಂಡಿತೆಂದು ಹೇಳಿದರೆ ಗದರದೆ ಹೋಗಿ ನೋಡುವುದೂ ಇದೇ ಹೊಣೆಗೆ ಸೇರಿದ್ದು.

ಒಂದು ಕಾಲಕ್ಕೆ ಅರಸರಿಗಷ್ಟೇ ದಕ್ಕುತ್ತಿದ್ದ ಸುಖ ಇಂದು ಕೂಡಿ ಹಣ ಹಾಕಿದ ಸಾಮಾನ್ಯರಿಗೂ ದಕ್ಕಿದೆ. ಇದು ಸಂತೋಷಪಡಬೇಕಾದ ಇತಿಹಾಸವೇ ಸರಿ. ಅರಸನ ಯಾಟನ್ನು ದಿನವೂ ಪರೀಕ್ಷಿಸಲು ಆಳುಕಾಳುಗಳಿದ್ದರು. ನಮ್ಮ ಒಂದು ದಿನದ ಹಡಗನ್ನು ನಾವೇ ಕಣ್ಣಿಟ್ಟು ನೋಡಿ ಹತ್ತಬೇಕು.